ಟ್ರಕ್ಕಿನಿಂದ ಇಳಿಯದ ಅಪ್ಪ

ಬರ್ಬ್ಯಾಂಕ್, ಸೋಮವಾರ

ಅಪ್ಪನಿಗೆ,

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ, ನಿನ್ನಿಂದೊಂದು ಕೆಲಸವಾಗಬೇಕಿದೆ. ನಿನ್ನ ಕುರಿತೊಂದು ಚಿತ್ರಕಥೆ ಬರೆದು ಇಲ್ಲಿನ ಸಿನಿಮಾ ನಿರ್ಮಾಪಕರ ಆಫೀಸುಗಳನ್ನು ಸುತ್ತುತ್ತಿದ್ದೇನೆ.

ಮಾರ್ಲಾ ಎಂಬಾಕೆ, "ತುಂಬಾ ಇಷ್ಟ ಆಯ್ತು ಕಣಮ್ಮ, ಆದ್ರೆ ಅಪ್ಪ ಹತ್ತನೇ ಪುಟದಲ್ಲೇ ಸಾಯ್ಲಿ" ಎಂದಳು. ಸಾಯಿಸಿದೆ. ಮರುವಾರ ಡೆಸ್ಮಂಡ್ ಎಂಬಾತ, "ತುಂಬಾ ಇಷ್ಟ ಆಯ್ತು, ಆದ್ರೆ ಅಪ್ಪನ್ನ ಯಾಕ್ರೀ ಕೊಂದ್ರಿ? ಕೊನೇಲಿ ಮನೆಗ್ ಬಂದು ಮಗಳನ್ನ ತಬ್ಕೊಳ್ಳಲಿ" ಎಂದ. ಬದುಕಿಸಿದೆ. ಇಲ್ಲಿ ಬೇಡ ಎನ್ನುವವರೂ ಇಷ್ಟ ಆಯ್ತು ಎಂದೇ ಶುರುಮಾಡಿ, ಕೈಗೊಂದು ನೀರಿನ ಬಾಟಲಿ ಕೊಟ್ಟು ಕಳಿಸುತ್ತಾರೆ. ನನ್ನ ಕಾರಿನ ಹಿಂದಿನ ಸೀಟಿನ ತುಂಬ ಅವೇ ಉರುಳಾಡುತ್ತಿವೆ.

ಇಬ್ಬರೂ ಒಪ್ಪಿದ್ದು ಒಂದನ್ನೇ: ನಿಜವಾಗಿ ನಡೆದ ದೃಶ್ಯವನ್ನು ತೆಗೆಯಬೇಕಂತೆ. ನನ್ನ ಹನ್ನೊಂದನೇ ಹುಟ್ಟುಹಬ್ಬದ ಮಧ್ಯಾಹ್ನ ಟ್ರಕ್ಕನ್ನು ಮನೆಯೆದುರು ನಿಲ್ಲಿಸಿ, ಒಂದು ಗಂಟೆ ಅದರಲ್ಲೇ ಕುಳಿತು, ಇಳಿಯದೆ ಹೊರಟುಹೋದೆಯಲ್ಲ, ಅದು. "ಯಾವ ಅಪ್ಪನೂ ಹಾಗ್ ಮಾಡಲ್ಲ" ಅನ್ನುತ್ತಾರೆ.

ಗುರುವಾರ ಮೂರನೆಯವರನ್ನು ಕಾಣಬೇಕು. ಅಷ್ಟರೊಳಗೆ ಫೋನ್ ಮಾಡಿ, ಅವತ್ತು ಯಾಕೆ ಇಳಿಯಲಿಲ್ಲ ಎಂದು ಹೇಳು.

ಗುರುವಾರ ಕಳೆದರೂ ಪರವಾಗಿಲ್ಲ, ಹೇಳು.

ಅವತ್ತು ಕಿಟಕಿಯ ಹಿಂದೆ ನಿಂತಿದ್ದ ನಿನ್ನ ಮಗಳು,
ಇತ್ಸೆಲ್