ಸೊಪ್ಪು ಮುಟ್ಟದ ಸೋಮವಾರ

ಆಗಸ್ಟ್ 8, ಗುರುವಾರ

'ಎದೆಯ ನೋವಿಗೆ ಎದೆಯೇ ಮನೆ...' ಮುಂದಿನ ಸಾಲು ನೆನಪಿಗೆ ಬರುತ್ತಿಲ್ಲ. ಎಂ.ಎ. ಓದುವಾಗ ಯಾರದೋ ಬಾಯಲ್ಲಿ ಕೇಳಿದ್ದು. ನಿಜವೇ? ನೋವು ಹುಟ್ಟಿದ ಮನೆಯಲ್ಲೇ ಇರುತ್ತದೆಯೇ?

ಬೆಳಿಗ್ಗೆಯಿಂದ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಕೆಲಸ. ಅಂಗೈಯೆಲ್ಲ ಅಂಟು, ಸೋಪಿಗೂ ಬಿಡದು. ಓರಗಿತ್ತಿ ನೀಲಕ್ಕ ನಡುವೆ ಎದ್ದು ಹೋಗಿ ವಾಂತಿ ಮಾಡಿಕೊಂಡರು. ಯಾರೂ ಗಾಬರಿಯಾಗಲಿಲ್ಲ. ಹಸಿ ಎಲೆಯ ನಂಜು ಈ ತಿಂಗಳಲ್ಲಿ ಎಲ್ಲರಿಗೂ ಒಮ್ಮೆಯಾದರೂ ಏರುತ್ತದೆ. ಪಕ್ಕದ ಮನೆ ಜಯಲಕ್ಷ್ಮಮ್ಮ ಕೈ ನಿಲ್ಲಿಸದೆ ಅಂದರು, "ಸೊಪ್ಪು ತಲೆಗ್ ಹತ್ಕಂಡದೆ ಅಷ್ಟೆ. ಮಜ್ಜಿಗೆಗೆ ನಿಂಬೆಹಣ್ಣು ಹಿಂಡ್ಕೊಡು ಪುಷ್ಪಾ."

ಕೊಟ್ಟೆ. ಅಕ್ಕ ಕುಡಿದು ಮತ್ತೆ ಕಟ್ಟಲು ಕೂತರು.

ಆಗಸ್ಟ್ 10, ಶನಿವಾರ

ಅಕ್ಕನಿಗೆ ದವಡೆ ನೋವು. ಕಡ್ಡಿ ಎತ್ತುವಾಗ ಜಾಸ್ತಿ, ಕೂತರೆ ಕಮ್ಮಿ. ಲವಂಗ ಒತ್ತಿಕೊಂಡಿದ್ದಾರೆ. ಇದೂ ಜಯಲಕ್ಷ್ಮಮ್ಮನ ವೈದ್ಯವೇ. "ಹುಳುಕು ಹಲ್ಲು ಕಣ್ ನೀಲಮ್ಮ, ಕೀಳ್ಸಾಕ್ಬುಡು."

ಭಾವ ಬಾಯಿ ಹಾಕಿದರು: "ಹಲ್ಲೂ ಹೋದ್ರೆ ಇವ್ಳು ನನ್ನ ಕಚ್ಚೋದು ಯಾತ್ರಲ್ಲಿ?"

ಅಕ್ಕ ನಗಲಿಲ್ಲ. ಗಂಡನ ಮಾತಿಗೆ ಎದುರು ಮಾತೂ ಇಲ್ಲ! ಸುಸ್ತಂತೆ. ಮಲಗಿ ಎದ್ದರೂ ಸುಸ್ತಂತೆ.

ಆಗಸ್ಟ್ 12, ಸೋಮವಾರ, ಆಸ್ಪತ್ರೆಯ ಬೆಂಚಿನ ಮೇಲೆ

ಅಕ್ಕ ಒಳಗಿದ್ದಾರೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ನಿನ್ನೆ ಮಳೆ, ಸೊಪ್ಪು ಮುರಿಯಲಿಲ್ಲ. ಇವತ್ತು ಸೋಮವಾರ — ಎತ್ತು ಹೂಡುವುದಿಲ್ಲ, ಸೊಪ್ಪೂ ಮುಟ್ಟುವುದಿಲ್ಲ. ನಮ್ಮ ಮನೆಯ ಕಟ್ಟಳೆ. ಪತ್ರೆಯ ತಟ್ಟೆ ಹಿಡಿದು ಗುಡಿಯ ಮೆಟ್ಟಿಲು ಹತ್ತುತ್ತಿದ್ದ ಅಕ್ಕ ಅಲ್ಲೇ ಕೂತುಬಿಟ್ಟರು. ತಣ್ಣನೆ ಬೆವರು. ವಾಂತಿ. ದವಡೆಯ ಜೊತೆ ಬೆನ್ನೂ ಹಿಂಡುತ್ತಿದೆ ಎಂದರು.

"ಸೊಪ್ಪಿನ ನಂಜೇ," ಭಾವ ಅಂದರು.

ಯಾವ ಸೊಪ್ಪು? ನಿನ್ನೆಯಿಂದ ಯಾರು ಎಲೆ ಮುಟ್ಟಿದ್ದಾರೆ? ಹಲ್ಲುನೋವಾದರೆ ಹತ್ತುವಾಗ ಏರಿ ಕೂತಾಗ ಇಳಿಯುವುದೇಕೆ?

"ಎದೆ ನೋಯ್ತದಾ ಅಕ್ಕ?"

"ಎದೆಗೇನು, ಗುಂಡ್ಕಲ್ಲಂಗದೆ. ಸುಮ್ಕಿರು, ನಾಳೆ ಬ್ಯಾರನ್ ತುಂಬ್ಬೇಕು."

ಸೊಪ್ಪು ಬೇಯಿಸುವ ಬ್ಯಾರನ್ನಿನದೇ ಚಿಂತೆ! ಕೇಳಲಿಲ್ಲ ನಾನು. 108ಕ್ಕೆ ಫೋನ್ ಮಾಡಿದೆ. ಇಲ್ಲಿ ಪಿರಿಯಾಪಟ್ಟಣದಲ್ಲಿ ಇಸಿಜಿ ಆಯಿತು. ಡಾಕ್ಟರ್ ಕಾಗದ ನೋಡಿದವರೇ ಅಗಿಯಲು ಮಾತ್ರೆ ಕೊಡಿಸಿದರು. ಹಾರ್ಟ್ ಅಟ್ಯಾಕ್. ಈಗಲೇ ಮೈಸೂರಿಗೆ... ಕರೆಯುತ್ತಿದ್ದಾರೆ —

ಆಗಸ್ಟ್ 15, ಗುರುವಾರ, ಮೈಸೂರು

ಸ್ಟೆಂಟ್ ಹಾಕಿ ಎರಡು ದಿನದ ಮೇಲಾಯಿತು. ಇವತ್ತು ಅಕ್ಕನ ಮೊದಲ ಗಟ್ಟಿ ಮಾತು: "ಬ್ಯಾರನ್‌ಗೆ ಉರಿ ಹಾಕ್ದೋರ್ಯಾರು?"

ಭಾವ ಅತ್ತುಬಿಟ್ಟರು. ಆಮೇಲೆ ಮೂಗು ಒರೆಸಿಕೊಂಡು, "ನಾನೇ ಕಣೆ, ಸೊಪ್ಪೆಲ್ಲ ಕಪ್ಪಾಗೋಯ್ತು" ಎಂದರು. ಸುಳ್ಳು. ಬೈಸಿಕೊಳ್ಳಲೆಂದೇ ಹೇಳಿದ್ದು. ಅಕ್ಕ ಬೈದರು, ಮನಸಾರೆ. ಕೇಳುತ್ತಾ ಕೂತೆ... ಹಾಯೆನಿಸಿತು.

ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ, ಎದೆ ನೋಯದೆಯೂ ಹೀಗಾಗಬಹುದಂತೆ. ದವಡೆ, ಬೆನ್ನು, ಹೊಟ್ಟೆ ತೊಳಸುವುದು, ಕಾರಣವಿಲ್ಲದ ಸುಸ್ತು. ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾದವು.

ಎದೆಯೇ ಮನೆಯಂತೆ! ಆ ನೋವು ದವಡೆಯಲ್ಲಿ ಬಾಡಿಗೆಗಿತ್ತು.

ಆಗಸ್ಟ್ 26, ಸೋಮವಾರ, ಸಂಜೆ

ಅಕ್ಕ ಜಗಲಿಯ ಮೇಲೆ. ಮಾತ್ರೆ ನುಂಗಲು ರಂಪ.

ಪಿರಿಯಾಪಟ್ಟಣದಿಂದ ಈಗ ಬಂದೆ, ಜಯಲಕ್ಷ್ಮಮ್ಮನ ಜೊತೆ. ಅವರ ಇಸಿಜಿ, ರಕ್ತಪರೀಕ್ಷೆ ಎರಡೂ ಸರಿಯಿವೆ. ಕಡ್ಡಿ ಎತ್ತಿ ಬೆನ್ನು ಉಳುಕಿದೆ, ಅಷ್ಟೆ. ದಾರಿಯುದ್ದಕ್ಕೂ ಅವರಿಗೆ ನಾಚಿಕೆ. ಯಾತಕ್ಕೆ ನಾಚಿಕೆ?

ಬೆಳಿಗ್ಗೆ ಬಾಗಿಲಿಗೆ ಬಂದಾಗ ಮುಖವನ್ನೂ ನೋಡದೆ ಕೆಣಕಿದ್ದೆ — "ಏನಮ್ಮ, ಲವಂಗ ಬೇಕಾ?"

ಹೊಸ್ತಿಲಲ್ಲೇ ನಿಂತು ಅಂದರು, "ಆಮೇಲ್ ಆಡ್ಕೊಳವಂತೆ ಕಣವ್ವ. ಬೆನ್ ಹಿಡ್ಕಂಡದೆ, ಬೆವರ್ತಾ ಅದೆ. ಮೊದ್ಲು ಚಪ್ಪಲಿ ಮೆಟ್ಕೊ..."