ನೂರು ಸಾಲುಗಳ ನೋಟ್‌ಬುಕ್ಕು

ಕಸಿಯಾದ ನೂರಾ ಒಂಬತ್ತನೆಯ ದಿನ,
ಗುರುವಾರ

ಅಕ್ಕಾ,

ಹೇಗಿದ್ದೀಯಾ ಎಂದು ಕೇಳಿ ಶುರು ಮಾಡಬೇಕು. ಕೇಳಿದ್ದೇನೆ ಎಂದುಕೋ. ನಾನು ಚೆನ್ನಾಗಿದ್ದೇನೆ. ತಲೆಯ ಮೇಲೆ ಹಲ್ಲುಜ್ಜುವ ಬ್ರಷ್ಷಿನಷ್ಟು ಕೂದಲು ಬಂದಿದೆ. ನಿನ್ನೆ ಮಹಡಿಯವರೆಗೆ ಹತ್ತಿದೆ, ನಡುವೆ ಒಂದೇ ಸಲ ಕೂತೆ. ಅಮ್ಮ ಇನ್ನೂ ನನ್ನ ಲೋಟವನ್ನು ಬೇರೆ ಇಟ್ಟು ಕುದಿಸುತ್ತಾಳೆ.

ಈ ಕಾಗದ ಬರೆಯುತ್ತಿರುವುದು ಒಂದು ವಸ್ತುವನ್ನು ವಾಪಸ್ ಕೇಳಲಿಕ್ಕೆ. ನೂರನೆಯ ದಿನ ನಿನ್ನ ಕೈಗಿಟ್ಟೆನಲ್ಲ, ಆ ನೀಲಿ ರಟ್ಟಿನ ನೋಟ್‌ಬುಕ್ಕು ನನಗೆ ಬೇಕು. ಭಾನುವಾರ ಬರುವಾಗ ತಂದುಕೊಡು. ಬರಲು ಮನಸ್ಸಾಗದಿದ್ದರೆ ಭಾವನ ಕೈಲಿ ಕಳಿಸು. ಸೋಮವಾರ ನಾನು ಅದರ ಪ್ರತಿಯನ್ನು ಆಸ್ಪತ್ರೆಗೆ ಒಯ್ಯಬೇಕು.

ಯಾಕೆ ಎಂದು ಹೇಳುತ್ತೇನೆ. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ, ನಿನಗೆ ಗೊತ್ತಲ್ಲ.

ಮೊನ್ನೆ ಪರೀಕ್ಷೆಗೆ ರಕ್ತ ಕೊಡಲು ಲ್ಯಾಬಿಗೆ ಹೋಗಿದ್ದೆ. ಅಲ್ಲಿನ ದಪ್ಪ ಕನ್ನಡಕದ ಟೆಕ್ನಿಷಿಯನ್ ಸೂಜಿ ಚುಚ್ಚುವಾಗಲೆಲ್ಲ ಏನಾದರೊಂದು ತಮಾಷೆ ಮಾಡುತ್ತಾರೆ. “ಏನ್ರೀ, ಗುಂಪೇ ಬದಲಾಯಿಸಿಬಿಟ್ರಲ್ಲ! ಇನ್ಮೇಲೆ ನೀವು ಓ. ಹಳೇ ಕಾರ್ಡು ಬಿಸಾಕಿ” ಎಂದರು. ರಕ್ತ ಹುಟ್ಟಿಸುವ ಜೀವಕೋಶಗಳ ಕಸಿಯಾದ ಮೇಲೆ ನಮ್ಮ ರಕ್ತ ನಿಧಾನವಾಗಿ ಕೊಟ್ಟವರ ಗುಂಪಿಗೆ ತಿರುಗುತ್ತದಂತೆ. ನಾನು ಬಿ. ನೀನೂ ಬಿ. “ಕೊಟ್ಟಿದ್ದು ನಮ್ಮಕ್ಕ, ಅವಳೂ ಬಿ” ಎಂದೆ. “ಹಾಗಿದ್ರೆ ಅಕ್ಕ ಕೊಟ್ಟಿರಲ್ಲ ಬಿಡಿ” ಎಂದು ನಕ್ಕವರು, ನನ್ನ ಮುಖ ನೋಡಿ ರಕ್ತದ ಬಾಟಲಿಯತ್ತ ತಿರುಗಿದರು. ಆಮೇಲೆ ಒಂದು ಸಣ್ಣ ಲೇಬಲ್ ಅಂಟಿಸಲು ಅವರಿಗೆ ಬಹಳ ಹೊತ್ತು ಬೇಕಾಯಿತು.

ಹತ್ತಿ ಒತ್ತಿಕೊಂಡು ಕೂತಿದ್ದವಳು ಇನ್ನೊಂದೇ ಪ್ರಶ್ನೆ ಕೇಳಿದೆ. ಕಸಿಗೆ ಆ ಜೀವಕೋಶ, ಸ್ಟೆಮ್ ಸೆಲ್, ಕೊಡುವವರಿಗೆ ಯಾವ ಕೈಗೆ ಸೂಜಿ ಹಾಕುತ್ತಾರೆ? “ಎರಡಕ್ಕೂ. ಒಂದ್ರಿಂದ ರಕ್ತ ತಗೊಂಡು, ಬೇಕಾದ್ದು ಸೋಸಿ, ಉಳಿದದ್ದು ಇನ್ನೊಂದರಿಂದ ವಾಪಸ್ ಒಳಗೆ. ನಾಲ್ಕೈದು ಗಂಟೆ ಅಲ್ಲಾಡೋ ಹಾಗಿಲ್ಲ.”

ಅಕ್ಕಾ, ಕಸಿಯ ದಿನ ನೀನು ನನ್ನ ಕೋಣೆಯ ಗಾಜಿನಾಚೆ ನಿಂತು, ಸೂಜಿ ಚುಚ್ಚಿದ ಜಾಗವೆಂದು ತೋರಿಸಿದ ಪ್ಲಾಸ್ಟರು ಇದ್ದದ್ದು ಬಲಗೈಯಲ್ಲಿ ಮಾತ್ರ.

ಅಮ್ಮನನ್ನು ಕೇಳಿದೆ. ಬಟ್ಟೆ ಮಡಚುತ್ತಿದ್ದಳು. ಮಡಚಿದ್ದ ಟವೆಲನ್ನೇ ಬಿಡಿಸಿ ಮತ್ತೆ ಮಡಚಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ನಿನ್ನ ರಕ್ತ ಹೊಂದಿಕೆಯಾಗಿತ್ತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ದಿನ ನೀರು ಕುಡಿದು ಬರುತ್ತೇನೆಂದು ಎದ್ದ ನೀನು ಬಸ್ಸು ಹತ್ತಿ ಮನೆಗೆ ಹೋಗಿಬಿಟ್ಟೆ. ನಿನಗೆ ಕೆಮ್ಮು, ಅದಕ್ಕೇ ಕಸಿ ಮುಂದೆ ಹೋಗಿದೆ ಎಂದು ನನ್ನನ್ನು ನಂಬಿಸಿದ ಆ ಏಳು ವಾರ ಆಸ್ಪತ್ರೆಯವರು ಬೇರೆ ದಾನಿಯನ್ನು ಹುಡುಕುತ್ತಿದ್ದರು. “ಒಡಹುಟ್ಟಿದವಳೇ ಆಗಲ್ಲ ಅಂದ್ಲು ಅಂತ ಆ ಸ್ಥಿತೀಲಿ ನಿಂಗೆ ಹೇಗೆ ಹೇಳ್ಲೇ? ಬದುಕೋ ಆಸೇನೇ ಬಿಟ್ಬಿಡ್ತಿದ್ದೆ” ಎಂದಳು ಅಮ್ಮ. ನನ್ನಿಂದ ಸಹಿ ಹಾಕಿಸುವಾಗ ದಾನಿಯ ವಿವರ ಕಾಣದಂತೆ ಕಾಗದಗಳ ಮೇಲಂಚು ಮಡಚಿ ಹಿಡಿದಿದ್ದವಳು ಅವಳೇ. ಐದು ವರ್ಷ ಸಾಹಿತ್ಯ ಓದಿದವಳು ನನ್ನದೇ ಜೀವದ ಕಾಗದ ಓದದೆ ರುಜು ಹಾಕಿದೆ. ಡಾಕ್ಟರು ಎಂದೂ ನಿನ್ನ ಹೆಸರು ಹೇಳಲಿಲ್ಲ, ‘ದಾನಿ’ ಎಂದೇ ಹೇಳುತ್ತಿದ್ದರು. ಆ ಪದಕ್ಕೆ ನಿನ್ನ ಮುಖ ಅಂಟಿಸಿಕೊಂಡವಳು ನಾನು.

ನೀನು ಹೆದರಿದ್ದಕ್ಕೆ ನನಗೆ ಸಿಟ್ಟಿಲ್ಲ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವವಳಿಗೆ ಸೂಜಿಯ ಭಯ ಎಂದು ಚಿಕ್ಕಂದಿನಿಂದ ನಕ್ಕಿದ್ದೇವೆ. ಬಂದು “ಆಗಲ್ಲ ಕಣೇ” ಎಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಆದರೆ ಆ ಪ್ಲಾಸ್ಟರು? ಮನೆಯಲ್ಲಿ ಕನ್ನಡಿ ಮುಂದೆ ನಿಂತು ಅಂಟಿಸಿಕೊಂಡೆಯಾ, ಅಥವಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು?

ಆ ಕೋಣೆ ನಿನಗೆ ಹೊರಗಿನಿಂದಷ್ಟೇ ಗೊತ್ತು. ಒಳಗೆ ತೆರೆಯದ ಒಂದು ಕಿಟಕಿ, ಹಗಲೂ ಇರುಳೂ ಗುಂಯ್‌ಗುಡುವ ಗಾಳಿಯಂತ್ರ, ಉಗುಳು ನುಂಗಿದರೆ ಗಾಜು ನುಂಗಿದಂತಾಗುವ ಗಂಟಲು. ತಿಳಿಗೆಂಪು ಬಣ್ಣದ ಆ ಸ್ಟೆಮ್ ಸೆಲ್ ಚೀಲ ನನ್ನೊಳಗೆ ಇಳಿಯುವಾಗ ನೀನು ಆಚೆಯಿಂದ ಫೋನು ಹಿಡಿದು ಹೇಳಿದ್ದೆ: “ಏನೇ ಮೂಕಿ, ನನ್ನ ರಕ್ತ ಒಳಗೆ ಹೋಗ್ತಿದೆ. ಇನ್ಮೇಲಾದ್ರೂ ಜೋರಾಗಿ ಮಾತಾಡ್ತೀಯೋ ಇಲ್ವೋ ನೋಡೋಣ.” ನಾನು ನಿಜವಾಗಿ ನಂಬಿದೆ. ಮಾರನೆಯ ವಾರ ನರ್ಸಿಗೆ ನಾನಾಗಿಯೇ ಹೊದಿಕೆ ಕೇಳಿ ಪಡೆದಾಗ, ಇದು ಅಕ್ಕನ ಧೈರ್ಯ ಎಂದುಕೊಂಡೆ.

ದೇವರ ವಿಷಯದಲ್ಲಿ ನಾನು ಅರೆಮನಸ್ಸಿನವಳು. ಜ್ವರ ಏರಿದಾಗ ಕೈ ಮುಗಿಯಬೇಕೆನಿಸುತ್ತಿತ್ತು, ಯಾರಿಗೆ ಎಂದು ಗೊತ್ತಾಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಬಲಗೈ ಎತ್ತಿ ನಿಂತ ನೀನು ಕಾಣುತ್ತಿದ್ದೆ. ನಿನಗೇ ಮುಗಿದೆ. ಹಾಗೆ ಹುಟ್ಟಿದ್ದು ಆ ನೋಟ್‌ಬುಕ್ಕು. ಕಸಿಯ ಮೊದಲ ದಿನದಿಂದ ದಿನಕ್ಕೊಂದು ಪುಟ, ಪುಟಕ್ಕೊಂದು ಸಾಲು. ಪೆನ್ನು ಹಿಡಿಯಲಾಗದ ದಿನ ನರ್ಸಿನ ಕೈಲಿ ಬರೆಸಿದೆ. ‘ಅಕ್ಕಾ, ಇವತ್ತು ಬಿಳಿ ಕಣ ಏರಿತು, ನಿನ್ನದು.’ ‘ಅಕ್ಕಾ, ಇವತ್ತು ವಾಂತಿ ಇಲ್ಲ, ನಿನ್ನ ದಯೆ.’

ನೂರನೆಯ ದಿನ ನೀನು ನಾಲ್ಕು ಪುಟ ತಿರುವಿ, ತೋಳಿನಿಂದ ಕಣ್ಣೊರೆಸಿಕೊಂಡು, “ಇಷ್ಟೆಲ್ಲ ಯಾಕ್ ಬರೆದ್ಯೇ? ಅಕ್ಕ ಅಂದ್ಮೇಲೆ ಅಷ್ಟೂ ಮಾಡ್ಬೇಡ್ವಾ?” ಎಂದೆ. ಎಂದು, ಅದನ್ನು ಚೀಲಕ್ಕೆ ಹಾಕಿಕೊಂಡೆ. ಅಕ್ಕಾ, ಆ ಚೀಲದ ಜಿಪ್ಪಿನ ಸದ್ದು ನನ್ನ ಕಿವಿಯಿಂದ ಹೋಗುತ್ತಿಲ್ಲ.

ಕೊಟ್ಟವರು ಯಾರೆಂದು ಆಸ್ಪತ್ರೆಯವರು ಹೇಳುವುದಿಲ್ಲ, ಅದು ಅವರ ನಿಯಮ. ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ. ಎರಡೂ ಕೈ ಚಾಚಿ ಐದು ಗಂಟೆ ಮಲಗಿ ಎದ್ದುಹೋದ ಯಾರೋ ಒಬ್ಬರು. ಯಾರಿಗೂ ಪ್ಲಾಸ್ಟರು ತೋರಿಸಿರಲಾರರು. ದಾನಿಗಳ ಕಚೇರಿಯಲ್ಲಿ ಕೂರುವ ಆಕೆ ಹೇಳಿದರು: “ಒಂದು ಪತ್ರ ಬರೀಬಹುದಮ್ಮ. ಹೆಸರು, ಊರು ಏನೂ ಬೇಡ. ಸೋಮವಾರ ಕೊಟ್ರೆ ನಾವು ತಲುಪಿಸ್ತೀವಿ.” ಮನೆಗೆ ಬಂದು ಕೂತೆ, ಒಂದು ವಾಕ್ಯವೂ ಬರಲಿಲ್ಲ. ನನ್ನಲ್ಲಿದ್ದ ಕೃತಜ್ಞತೆಯೆಲ್ಲ ಆ ನೀಲಿ ಪುಸ್ತಕದಲ್ಲಿ ಮುಗಿದುಹೋಗಿದೆ. ಅದನ್ನು ಪ್ರತಿ ಮಾಡಿ ಅವರಿಗೆ ಕಳಿಸುತ್ತೇನೆ. ಪ್ರತಿ ಸಾಲೂ ‘ಅಕ್ಕಾ’ ಎಂದೇ ಶುರುವಾಗುತ್ತದೆ. ಆ ಜಾಗದಲ್ಲಿ ಏನು ಬರೆಯಲಿ ಎಂದು ಮಾತ್ರ ಇನ್ನೂ ಹೊಳೆದಿಲ್ಲ.

ನಂಬಿಕೆ ಸತ್ತುಹೋಗಿಲ್ಲ. ವಿಳಾಸ ತಪ್ಪಾಗಿತ್ತು, ಅಷ್ಟೇ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ. ಆಗುತ್ತಿಲ್ಲ.

ಅಮ್ಮ ನಿನಗೆ ಮೊದಲೇ ಫೋನು ಮಾಡುತ್ತೇನೆಂದಳು. ಬೇಡ ಎಂದೆ. ಅವಳನ್ನು ಬೈಯಬೇಡ.

ಇಷ್ಟೇ ಹೇಳಬೇಕಿತ್ತು,
ಮೂಕಿ

ಮರೆತ ಮಾತು: ‘ಮೊನ್ನೆ’ ಲ್ಯಾಬಿಗೆ ಹೋಗಿದ್ದೆ ಎಂದು ಮೇಲೆ ಬರೆದದ್ದು ಸುಳ್ಳು. ಅದು ಎಂಬತ್ತಮೂರನೆಯ ದಿನ. ಅಮ್ಮನನ್ನು ಕೇಳಿದ್ದು ಮಾತ್ರ ಈ ವಾರ. ನೀನಾಗಿಯೇ ಹೇಳಬಹುದೆಂದು ಕಾದೆ. ನೋಟ್‌ಬುಕ್ಕು ನಿನ್ನ ಕೈಗಿಡುವಾಗಲೂ ಕಾಯುತ್ತಿದ್ದೆ. ನೀನು ನಾಲ್ಕೇ ಪುಟ ಓದಿದೆ. ಎಂಬತ್ತನಾಲ್ಕನೆಯ ಪುಟದಿಂದ ಓದು. ಅಲ್ಲಿ ರಕ್ತದ ಮಾತೇ ಇಲ್ಲ. ನನ್ನ ಬೋಳುತಲೆಗೆ ಒತ್ತದಿರಲೆಂದು ಹೊಲಿಗೆಯನ್ನು ಹೊರಬದಿಗಿಟ್ಟು ನೀನು ಹೊಲಿದ ಆರು ಟೋಪಿಗಳಿವೆ, ಕತ್ತರಿ ಹಿಡಿಯಲು ನನಗೆ ಶಕ್ತಿಯಿಲ್ಲದಾಗ ನೀನು ನನ್ನ ಉಗುರು ಕತ್ತರಿಸಿದ್ದಿದೆ, ಅಂಗಡಿ ಮುಚ್ಚಿ ಎರಡು ಬಸ್ಸು ಬದಲಿಸಿ ಬಂದು ಗಾಜಿನಾಚೆ ಸುಮ್ಮನೆ ಕೂತಿದ್ದ ಸಂಜೆಗಳಿವೆ. ಆ ಹದಿನೇಳು ಪುಟ ನನ್ನ ದಾನಿಗೆ ಸೇರಿದ್ದಲ್ಲ. ನಿನ್ನ ಕತ್ತರಿಯಿಂದ ಅಂಚು ಹರಿಯದಂತೆ ಕತ್ತರಿಸಿ ಇಟ್ಟುಕೊಂಡು, ಉಳಿದದ್ದನ್ನು ಕಳಿಸು.