ಎಡಗೈ ಉಪ್ಪಿಗೆ ಎರಡೂ ಪುಸ್ತಕದಲ್ಲಿ ಜಾಗವಿಲ್ಲ

ಕೇಂದ್ರ ಮತ್ತು ರಾಜ್ಯದ ಇತಿಹಾಸ ಪಠ್ಯಗಳನ್ನು ಹೋಲಿಸಿ ನೋಡಲು ನೇಮಕವಾದ ಸಮಿತಿಯ ಮಾನ್ಯ ಅಧ್ಯಕ್ಷರೇ,

ಈ ಕತೆಯನ್ನು ಮೊದಲು ಹೇಳಿದವಳು ಅಂಕೋಲೆ ಕಡಲಬದಿಯ ಕಾಶಿ. ಹೇಳಿದ್ದು ಸಾವಿರದ ಒಂಬೈನೂರ ಮೂವತ್ತರ ಬೇಸಿಗೆಯಲ್ಲಿ, ಮುರಿದ ಕೈಗೆ ಸೊಪ್ಪು ಅರೆದು ಕಟ್ಟಿಸಿಕೊಳ್ಳುತ್ತ. ಕಟ್ಟಿದವಳು ಶೆಟಗೇರಿಯ ನನ್ನ ಅಜ್ಜಿ ನಾಗಮ್ಮ, ಹಾಗಾಗಿ ಮೊದಲು ಕೇಳಿದವಳೂ ಅವಳೇ. ಕೊನೆಗೆ ಹೇಳಿದವಳು ಕಾಶಿಯ ಮರಿಮಗಳು ವಿನುತಾ, ಏಳನೇ ತರಗತಿಯವಳು. ಹೇಳಿದ್ದು ಈ ವರ್ಷ, ಎರಡು ಸಾವಿರದ ಎಂಟರ ನವೆಂಬರಿನಲ್ಲಿ, ಸರಕಾರಿ ಶಾಲೆಯ ಇತಿಹಾಸದ ಪಾಠದ ನಡುವೆ. ಕಾಶಿಯ ಕೈ ಮುರಿದವರು ಪರದೇಶದವರ ಪೋಲೀಸರು. ವಿನುತಾಳ ಬೆರಳು ಮುರಿದವರು ನಮ್ಮದೇ ಸರಕಾರದ ಮೇಷ್ಟ್ರು. ನನ್ನ ದೂರು ಇಷ್ಟೇ. ಶಾಲೆಯ ಹೆಸರು ಬರೆಯುವುದಿಲ್ಲ. ಬರೆದರೆ ಆ ಒಂದು ಶಾಲೆಗೆ ನೋಟೀಸು ಕಳಿಸಿ ಮೇಲಿನವರೆಲ್ಲ ಕೈ ತೊಳೆದುಕೊಳ್ಳುತ್ತೀರಿ.

ಕೇಂದ್ರದ ಪಠ್ಯದ ಮಟ್ಟ ಹೆಚ್ಚೋ ರಾಜ್ಯದ್ದು ಹೆಚ್ಚೋ ಎಂದು ನಿಮ್ಮ ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳಿದೆಯೆಂದು ಪೇಪರಿನಲ್ಲಿ ಓದಿದೆ. ಈ ಹೋಲಿಕೆಗೆ ನಮ್ಮ ಕಡಲಬದಿಗಿಂತ ಒಳ್ಳೆಯ ಜಾಗ ನಿಮಗೆ ಸಿಗಲಾರದು. ಇಲ್ಲಿ ಒಂದೇ ಮನೆಯಲ್ಲಿ ಎರಡೂ ಪುಸ್ತಕಗಳಿವೆ. ಕಾಶಿಯ ಮೊಮ್ಮಗ ಬಾಬು ದೋಣಿಯವ, ಅವನ ಮಗಳು ವಿನುತಾ ಊರ ಶಾಲೆಗೆ ಹೋಗುತ್ತಾಳೆ. ಬಾಬುವಿನ ತಮ್ಮ ಕಿಶನ ಕಾರವಾರದ ನೌಕಾನೆಲೆಯಲ್ಲಿ ಡ್ರೈವರ್; ಅವನ ಮಗ ಸಂಕೇತ ಅಲ್ಲಿಯ ಕೇಂದ್ರ ಪಠ್ಯದ ಶಾಲೆಯಲ್ಲಿ ಎಂಟನೇ ತರಗತಿ. ರಜೆಗೆ ಸಂಕೇತ ಬಂದಾಗ ಎರಡೂ ಪುಸ್ತಕಗಳು ಒಂದೇ ಚಾಪೆಯ ಮೇಲೆ ಬೀಳುತ್ತವೆ. ನಾನೂ ಆ ಚಾಪೆಯ ಮೇಲೆ ಕೂತು ನೋಡಿದ್ದೇನೆ. ಇಂಗ್ಲಿಷಿನಲ್ಲಿದ್ದದ್ದನ್ನು ಹುಡುಗ ಬಿಡಿಸಿ ಹೇಳಿದ. ನಿಮ್ಮ ಸಮಿತಿಗೆ ಸಿಗುವಂಥ ಭತ್ಯೆ ನನಗೆ ಸಿಗಲಿಲ್ಲ, ಬಂಗಡೆ ಸಾರು ಸಿಕ್ಕಿತು.

ನನ್ನ ವರದಿ ಹೀಗಿದೆ. ಕೇಂದ್ರದ ಪುಸ್ತಕದ ಕಾಗದ ನುಣುಪು, ಚಿತ್ರಗಳು ಚೆಂದ. ಅಲ್ಲಿ ಉಪ್ಪು ಎತ್ತಿದ್ದು ಗುಜರಾತಿನಲ್ಲಿ. ರಾಜ್ಯದ ಪುಸ್ತಕದಲ್ಲಿ ಅಂಕೋಲೆಯ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ, ಬಸ್ಸಿನ ಕಿಟಕಿಯಿಂದ ಕಂಡ ಊರಿನ ಹಾಗೆ. ದೆಹಲಿಯವರಿಗೆ ದೇಶ ದೊಡ್ಡದಾದ್ದರಿಂದ ನಾವು ಕಾಣಲಿಲ್ಲ. ಬೆಂಗಳೂರಿನವರಿಗೆ ನಾಡು ದೊಡ್ಡದಾದ್ದರಿಂದ ಕಾಣಲಿಲ್ಲ. ಇದಕ್ಕೆ ನನಗೆ ಸಿಟ್ಟಿಲ್ಲ. ಎಲ್ಲ ಊರಿನ ಎಲ್ಲ ಅಜ್ಜಿಯರನ್ನೂ ಪುಸ್ತಕದೊಳಗೆ ತುಂಬಿದರೆ ಮಕ್ಕಳ ಬೆನ್ನು ಮುರಿದೀತು. ನನ್ನ ಸಿಟ್ಟಿರುವುದು ಎರಡೂ ಪುಸ್ತಕಗಳು ಒಪ್ಪಿಕೊಂಡ ಒಂದೇ ಒಂದು ಮಾತಿನ ಮೇಲೆ. ಚಳವಳಿ ಶಾಂತಿಯುತವಾಗಿ ನಡೆಯಿತಂತೆ. ಯಾರ ಶಾಂತಿ, ಸ್ವಾಮಿ? ಏಟು ತಿಂದವರು ಕೈ ಎತ್ತಲಿಲ್ಲ, ಅದು ನಿಜ. ಹೊಡೆದವರೂ ಶಾಂತವಾಗಿದ್ದರೇ? ಆ ರಕ್ತವನ್ನು ಯಾವ ಮಟ್ಟದ ಬಟ್ಟೆಯಿಂದ ಒರೆಸಿದಿರಿ?

ನಡೆದದ್ದನ್ನು ನನ್ನ ಅಜ್ಜಿ ಹೇಳುತ್ತಿದ್ದ ಹಾಗೆ ಹೇಳುತ್ತೇನೆ. ಅಂಕೋಲೆಯಲ್ಲಿ ದೊಡ್ಡವರು ಉಪ್ಪು ಎತ್ತಿ ಜೈಲಿಗೆ ಹೋಗಿ ಕೆಲವು ವಾರ ಕಳೆದಿತ್ತು. ಜಯಕಾರ ಮುಗಿದಿತ್ತು. ಆದರೆ ಕೇರಿಯ ಹೆಂಗಸರು ಹೊಳೆಬಾಯಿಯ ಹತ್ತಿರ ಮಡಕೆಯಲ್ಲಿ ಸಮುದ್ರದ ನೀರು ಕುದಿಸಿ ಉಪ್ಪು ಮಾಡುವುದನ್ನು ಬಿಟ್ಟಿರಲಿಲ್ಲ. ಮೀನಿಗೆ ಉಪ್ಪು ಹಾಕಿ ಒಣಗಿಸದಿದ್ದರೆ ಮಳೆಗಾಲದಲ್ಲಿ ತಿನ್ನುವುದೇನು? ಪೋಲೀಸರು ಬಂದವರೇ ಮಡಕೆಗಳನ್ನು ಬೂಟಿನಲ್ಲಿ ಒದ್ದರು. ಕುದಿಯುವ ನೀರು ಒಬ್ಬಳ ಕಾಲ ಮೇಲೆ ಬಿದ್ದು ಚರ್ಮ ಸುಲಿದು ಬಂತು. ಉಳಿದವರು ಓಡಿದರು. ಕಾಶಿ ಬಸುರಿ, ಓಡುವ ಹಾಗಿರಲಿಲ್ಲ. ಕೆರೆದ ಉಪ್ಪು ಅವಳ ಬಲಗೈ ಮುಷ್ಟಿಯಲ್ಲಿತ್ತು. ಬಿಚ್ಚು ಅಂದರು. ಬಿಚ್ಚಲಿಲ್ಲ. ದೋಣಿ ಕಟ್ಟುವ ಕಲ್ಲಿನ ಮೇಲೆ ಆ ಕೈ ಒತ್ತಿ ಹಿಡಿದು, ಲಾಠಿಯ ಕಬ್ಬಿಣದ ತುದಿಯಿಂದ ಜಜ್ಜಿದರು. ಒಣ ಕಟ್ಟಿಗೆ ಮುರಿದ ಹಾಗೆ ಸದ್ದು ಬಂತಂತೆ. ಅವಳ ಗಂಡ ದುರ್ಗಪ್ಪ ಓಡಿ ಬಂದ. ಅವನನ್ನು ಅವನದೇ ದೋಣಿಗೆ ಕಟ್ಟಿ, ಬಾಯಿಂದ ರಕ್ತ ಬರುವ ತನಕ ಬಡಿದು, ದೋಣಿಗೆ ಬೆಂಕಿ ಇಟ್ಟರು. ಹಗ್ಗ ಸುಟ್ಟು ಅವನು ಉರುಳಿ ನೀರಿಗೆ ಬಿದ್ದ. ಸುಟ್ಟ ಮೈ, ಉಪ್ಪು ನೀರು. ಆ ಮಳೆಗಾಲ ಮುಗಿಯುವುದರೊಳಗೆ ಸತ್ತ. ಹುಟ್ಟಿದ ಮಗನನ್ನು ನೋಡಲಿಲ್ಲ. ಇಷ್ಟಾದರೂ ಕಾಶಿಯ ಮುಷ್ಟಿ ಬಿಚ್ಚಿರಲಿಲ್ಲ. ನನ್ನ ಅಜ್ಜಿ ಸೊಪ್ಪು ಕಟ್ಟುವಾಗ ಉಪ್ಪು ಗಾಯದೊಳಗೇ ಇತ್ತು. ತೊಳೆಯಲು ಅವಳು ಬಿಡಲಿಲ್ಲ.

ಆ ಬೆರಳುಗಳು ಮತ್ತೆ ನೆಟ್ಟಗಾಗಲಿಲ್ಲ. ಸಾಯುವ ತನಕ ಕಾಶಿಯ ಬಲಗೈ ಮುಷ್ಟಿಯಾಗಿಯೇ ಉಳಿಯಿತು. ಊಟಕ್ಕೆ ಉಪ್ಪನ್ನು ಅವಳು ಎಡಗೈಯಲ್ಲಿ ಬಡಿಸುತ್ತಿದ್ದಳು. ಬಾಬುವಿನ ತಾಯಿ ಮಂಗಲಾ ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಎಲ್ಲರ ಹಾಗೆ ಬಲಗೈಯಲ್ಲಿ ಉಪ್ಪು ಬಡಿಸಲು ಹೋದಳು. ಅತ್ತೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು, "ಬಲಗೈ ಇನ್ನೂ ಬಿಚ್ಚಲಿಲ್ಲ ಮಗಾ" ಅಂದಳಂತೆ. ಅಂದಿನಿಂದ ಆ ಮನೆಯಲ್ಲಿ, ಆ ಮನೆ ನೋಡಿ ಕೇರಿಯಲ್ಲೆಲ್ಲ, ಉಪ್ಪು ಎಡಗೈಯದ್ದು. ಹೊರಗಿನವರು ನೋಡಿದರೆ ಅಪಶಕುನ ಅನ್ನುತ್ತಾರೆ. ಕೇರಿಯವರಿಗೆ ಅದು ಶ್ರಾದ್ಧವೂ ಹೌದು, ಧ್ವಜವಂದನೆಯೂ ಹೌದು. ಪುಸ್ತಕವಿಲ್ಲದೆ ಸುಮಾರು ಎಂಬತ್ತು ವರ್ಷ ನಡೆದು ಬಂದ ಇತಿಹಾಸದ ಪಾಠ ಅದು. ಅದರ ಮಟ್ಟ ಅಳೆಯಲು ನಿಮ್ಮ ಸಮಿತಿಯಲ್ಲಿ ಯಾರಿದ್ದಾರೆ?

ಈ ನವೆಂಬರಿನ ಒಂದು ದಿನ ಶಾಲೆಯ ಬಿಸಿಯೂಟದಲ್ಲಿ ಉಪ್ಪು ಬಡಿಸುವ ಸರದಿ ವಿನುತಾಳಿಗೆ ಬಂತು. ಅವಳಿಗೆ ಗೊತ್ತಿದ್ದದ್ದು ಒಂದೇ ಕೈ. ಬೇರೆ ಊರಿನಿಂದ ವರ್ಗವಾಗಿ ಬಂದ ಮೇಷ್ಟ್ರು ಅದನ್ನು ಕಂಡು, ಎಡಗೈಯಲ್ಲಿ ಬಡಿಸುವ ಅನಿಷ್ಟ ಎಂದು ಎಲ್ಲರೆದುರು ಬೈದರು. ಊಟದ ಮೇಲೆ ಅದೇ ಮೇಷ್ಟ್ರು ಉಪ್ಪಿನ ಸತ್ಯಾಗ್ರಹದ ಪಾಠ ತೆಗೆದರು. ಶಾಂತಿಯುತವಾಗಿ ನಡೆಯಿತು ಎಂಬ ಸಾಲು ಬಂದಾಗ ವಿನುತಾ ಎದ್ದು ನಿಂತು, ಶಾಂತಿ ಇರಲಿಲ್ಲ ಸರ್, ನಮ್ಮ ಅಜ್ಜಿಯ ಕೈ ಮುರಿದರು, ಅಜ್ಜನ ದೋಣಿಗೆ ಬೆಂಕಿ ಇಟ್ಟರು ಎಂದು ಹೇಳಿದಳು. ಮಕ್ಕಳು ನಕ್ಕರು. ಮೇಷ್ಟ್ರು ಕೇಳಿದರು:

"ಪುಸ್ತಕದಲ್ಲಿ ಇದೆಯೇನು?"

"ಪುಸ್ತಕದಲ್ಲಿಲ್ಲ ಸರ್. ಕಾಶಿ ಅಜ್ಜಿ ಕೈಲಿತ್ತು."

ಮೇಷ್ಟ್ರಿಗೆ ಇದು ಎದುರುತ್ತರವಾಗಿ ಕಂಡಿತು. ಕೈ ಚಾಚು ಎಂದು ಮರದ ಸ್ಕೇಲು ತೆಗೆದುಕೊಂಡರು. ಅವಳು ಬಲಗೈ ಚಾಚಿದಳು, ಮುಷ್ಟಿ ಕಟ್ಟಿಕೊಂಡು. ಬಿಡಿಸು ಅಂದರು. ಬಿಡಿಸಲಿಲ್ಲ. ಸ್ಕೇಲನ್ನು ಅಡ್ಡ ತಿರುಗಿಸಿ, ಅಂಚಿನಿಂದ ಗಿಣ್ಣಿನ ಮೇಲೆ ಹೊಡೆದರು. ಬಿಡಿಸು ಎನ್ನುತ್ತ ಮತ್ತೆ ಮತ್ತೆ ಹೊಡೆದರು. ತೋರುಬೆರಳಿನ ಮೂಳೆ ಬಿರುಕು ಬಿಟ್ಟಿದೆ ಎಂದು ಕಾರವಾರದ ಡಾಕ್ಟರರು ಪ್ಲಾಸ್ಟರು ಹಾಕಿದರು.

ಇನ್ನು ಕೇಂದ್ರದ ಮಟ್ಟ ಕೇಳಿ. ಸಂಕೇತನಿಗೆ ಅವನ ಶಾಲೆಯಲ್ಲಿ, ಮನೆಯ ಹಿರಿಯರನ್ನು ಕೇಳಿ ಬರೆದು ತಾ ಎಂದು ಕೆಲಸ ಕೊಟ್ಟಿದ್ದರು. ಒಳ್ಳೆಯ ಪದ್ಧತಿ, ಒಪ್ಪುತ್ತೇನೆ. ಅವನು ಇದೇ ಕಾಶಿಯ ಕತೆ ಬರೆದ. ಟೀಚರು ಓದಿ, ಒಳ್ಳೆಯ ಕಲ್ಪನೆ ಎಂದು ಹೊಗಳಿ ಕೆಂಪು ನಕ್ಷತ್ರ ಹಾಕಿಕೊಟ್ಟರು. ಒಂದು ಕಡೆ ಸುಳ್ಳಾಯಿತು, ಇನ್ನೊಂದು ಕಡೆ ಕಲ್ಪನೆಯಾಯಿತು. ಸಂಕೇತ ಆ ನಕ್ಷತ್ರವನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಾಗ ಅವನ ಅಜ್ಜಿ ಮಂಗಲಾ ವಿನುತಾಳ ಮೇಷ್ಟ್ರ ಕುರಿತು ಹೇಳಿದ ಮಾತನ್ನು ನಿಮ್ಮ ವರದಿಯಲ್ಲಿ ಸೇರಿಸಿಕೊಳ್ಳಿ: "ಹೊಡ್ದವನಾದ್ರೂ ನಂಬಿದಾ ಕಾಣ್ತದೆ ಮಗಾ. ಸುಳ್ಳು ಅಂದ್ಕಂಡಿದ್ರೆ ಅವನೂ ನಗಾಡಿ ಬಿಡ್ತಿದ್ದ."

ಮಗಳ ಪ್ಲಾಸ್ಟರು ಕಂಡ ಬಾಬು ದೋಣಿಯ ಹುಟ್ಟು ಹೆಗಲಿಗೇರಿಸಿ ಹೊರಟ. ಅವಳ ಒಂದು ಬೆರಳಿಗೆ ಅವನ ಒಂದು ಕೈ ಮುರಿಯುತ್ತೇನೆ ಎಂದು ಕೇರಿಗೆಲ್ಲ ಕೇಳುವಂತೆ ಹೇಳಿದ. ಮಂಗಲಾ ಬಾಗಿಲಿಗೆ ಅಡ್ಡ ನಿಂತು, "ಹೋಗು, ಮುರ್ದು ಬಾ. ಅದನ್ನಾದ್ರೂ ಪುಸ್ತಕದಲ್ಲಿ ಬರೀತಾರೆ" ಅಂದಳು. ತಾಯಿಯನ್ನು ದಾಟಿಕೊಂಡು ಹೋದ. ಮೇಷ್ಟ್ರು ಬಾಡಿಗೆ ಮನೆಯ ಬಾಗಿಲು ಹಾಕಿಕೊಂಡಿದ್ದರು. ಬಾಬು ಅಂಗಳದಲ್ಲಿದ್ದ ಅವರ ಬೈಕಿನ ದೀಪ, ಕನ್ನಡಿ, ಟ್ಯಾಂಕು ಎಲ್ಲವನ್ನೂ ಹುಟ್ಟಿನಿಂದ ಜಜ್ಜಿ ಬಂದ. ಪೋಲೀಸರು ಬಂದರು. ಊರಿನ ನಾಲ್ಕು ಜನ ಸೇರಿದರು. ಮುಖ್ಯೋಪಾಧ್ಯಾಯರು ರಾಜಿಯ ದಾರಿ ಹೇಳಿದರು: ಸೋಮವಾರದ ಪ್ರಾರ್ಥನೆಯಲ್ಲಿ ವಿನುತಾ ಎಲ್ಲರೆದುರು, ನಾನು ಹೇಳಿದ್ದು ಸುಳ್ಳು, ಪುಸ್ತಕದಲ್ಲಿದ್ದದ್ದೇ ನಿಜ ಎನ್ನಬೇಕು. ಹಾಗೆ ಹೇಳಿದರೆ ಮೇಷ್ಟ್ರ ದೂರು ಹಿಂದಕ್ಕೆ, ಇಲ್ಲದಿದ್ದರೆ ಬಾಬು ಒಳಕ್ಕೆ.

ನಾನು ಮೇಷ್ಟ್ರನ್ನೂ ಕಂಡು ಬಂದೆ. ಕೆಟ್ಟ ಮನುಷ್ಯರಲ್ಲ, ಚಹಾ ಕೊಟ್ಟರು. ಇನ್‌ಸ್ಪೆಕ್ಷನ್ನಿಗೆ ಬಂದವರು ಮಕ್ಕಳಿಗೆ ಪ್ರಶ್ನೆ ಕೇಳುತ್ತಾರೆ, ಪುಸ್ತಕದ ಹೊರಗಿನ ಒಂದು ಉತ್ತರ ಬಂದರೂ ನನಗೆ ನೋಟೀಸು, ನಾನೇನು ಮಾಡಲಿ ಎಂದರು. ಕಾರವಾರದ ಶಿಕ್ಷಣ ಇಲಾಖೆಯ ಕಚೇರಿಗೆ ಬಸ್ಸು ಹತ್ತಿ ಹೋಗಿ ಕೇಳಿದರೆ ಗುಮಾಸ್ತರು, "ಆ ಪುಸ್ತಕ ದೆಲ್ಲಿದು, ಈ ಪುಸ್ತಕ ಬೆಂಗ್ಳೂರಿದು. ಇಲ್ಲಿ ನಮ್ದು ಅಂತ ಇರೂದು ಸೀಲು ಮಾತ್ರ ಮಾರಾಯ್ರೆ" ಎಂದು ನಕ್ಕರು. ಹಾಗಾದರೆ ಹೊಡೆದವರು ಯಾರು? ಸ್ಕೇಲು ಮೇಷ್ಟ್ರ ಕೈಯಲ್ಲಿತ್ತು, ಹೆದರಿಕೆ ನಿಮ್ಮ ಕಚೇರಿಯಿಂದ ಬಂದಿತ್ತು.

ಕತೆ ಹೇಳುವವನಾಗಿ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಕತೆ ಬಾಯಿಂದ ಬಾಯಿಗೆ ಬೆಳೆಯುತ್ತದೆ. ಕೇರಿಯ ಕೆಲವರು ಹೇಳುವಾಗ ಪೋಲೀಸರ ದೊಡ್ಡ ದಂಡೇ ಬರುತ್ತದೆ. ನನ್ನ ಅಜ್ಜಿಯ ಕತೆಯಲ್ಲಿ ಅವರು ಕೆಲವೇ ಜನ. ವಿಚಾರಿಸಿ. ತೂಗಿ ನೋಡಿ. ತಪ್ಪಿದ್ದರೆ ತಪ್ಪು ಎನ್ನಿ, ಬೇಸರವಿಲ್ಲ. ಆದರೆ ಕೇಳುವ ಮೊದಲೇ ಕೈ ಮುರಿಯುವುದು ಯಾವ ಮಟ್ಟದ ಇತಿಹಾಸ?

ಭಾನುವಾರ ಸಂಜೆ ವಿನುತಾ ನನ್ನ ಹತ್ತಿರ ಬಂದು ಕೂತಳು. "ಪುಟ್ಟಜ್ಜಾ, ಸುಳ್ಳು ಅಂದ್ರೆ ಅಪ್ಪ ಮನೇಲಿ ಉಳೀತ. ಖರೆ ಅಂದ್ರೆ ಅಜ್ಜಿ ಉಳೀತದೆ. ನಾ ಯಾರನ್ನ ಉಳ್ಸ್ಕಳ್ಳೂದು?" ಕತೆ ಹೇಳಿ ಹೇಳಿ ಹಲ್ಲು ಉದುರಿದ ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಬಲೆ ಹರಡಿದ ಜಾಗದಲ್ಲಿ ಕೇರಿಯವರನ್ನು ಕೂರಿಸಿ, ಕಾಶಿಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಬಾಬು ದೋಣಿಗೆ ಬೆನ್ನು ಕೊಟ್ಟು ಕೇಳಿದ. ಮುಗಿದ ಮೇಲೆ ಏನು ಮಾಡುವುದೆಂದು ತೀರ್ಮಾನವೇನೂ ಆಗಲಿಲ್ಲ. ಎದ್ದು ಮನೆಗೆ ಹೋದರು. ಮರುದಿನ ಬೆಳಿಗ್ಗೆ ಅವರು ಮಾಡಿದ್ದನ್ನು ಕೊನೆಗೆ ಹೇಳುತ್ತೇನೆ, ಮೊದಲು ನನ್ನ ಬೇಡಿಕೆ ಕೇಳಿ.

ಬಾಬುವಿನ ಕೇಸು ತೆಗೆಸಿ ಎಂದು ಕೇಳುತ್ತಿಲ್ಲ. ಅವನು ಬೈಕು ಒಡೆದದ್ದು ನಿಜ, ಕೋರ್ಟಿನಲ್ಲಿ ಹಾಗೆಯೇ ಹೇಳುತ್ತಾನೆ. ಕಾಶಿಯ ಪ್ರತಿಮೆ ಬೇಡ, ಅವಳ ಹೆಸರಿನ ರಸ್ತೆಯೂ ಬೇಡ. ಕೇಂದ್ರದ ಪುಸ್ತಕವಿರಲಿ, ರಾಜ್ಯದ್ದಿರಲಿ, ಉಪ್ಪಿನ ಪಾಠದ ಕೊನೆಗೆ ಒಂದು ಪುಟ ಖಾಲಿ ಬಿಡಿ. ಆ ಪುಟವನ್ನು ಆಯಾ ಊರಿನ ಮಗು ತುಂಬಲಿ. ತುಂಬಿದ್ದನ್ನು ಮೇಷ್ಟ್ರು ಮಗುವಿನ ಜೊತೆ ಕೂತು ವಿಚಾರಿಸಲಿ; ಹಾಗೆ ವಿಚಾರಿಸಿದ ಮೇಷ್ಟ್ರಿಗೆ ನೋಟೀಸು ಬಾರದಿರಲಿ. ಶಾಂತಿಯುತ ಎಂದು ಬರೆದಲ್ಲಿ ಶಾಂತಿಯಿಂದ ಇದ್ದವರು ಯಾರು, ಹೊಡೆದವರು ಯಾರು ಎಂದೂ ಬರೆಯಿರಿ. ಮತ್ತೆ, ಇತಿಹಾಸ ಹೇಳಿದ ಮಗುವಿನ ಕೈಮೇಲೆ ಯಾರೂ ಸ್ಕೇಲು ಎತ್ತಕೂಡದೆಂದು ನಿಮ್ಮ ಸಹಿ ಹಾಕಿ ಆದೇಶ ಕಳಿಸಿ. ಸೀಲು ಕಾರವಾರದಲ್ಲಿ ಸಿದ್ಧವಿದೆ.

ಇನ್ನು ಸೋಮವಾರ ಬೆಳಿಗ್ಗೆ. ಬಾಬು ದೋಣಿ ಇಳಿಸಲಿಲ್ಲ. ಬಿಳಿ ಅಂಗಿ ಹಾಕಿ ಮಗಳ ಜೊತೆ ಶಾಲೆಯ ಅಂಗಳಕ್ಕೆ ಬಂದ. ಮೀನುಬುಟ್ಟಿ ಹೊತ್ತು ಪೇಟೆಗೆ ಹೊರಟಿದ್ದ ಹೆಂಗಸರು ಶಾಲೆಯ ಗೋಡೆಯ ಆಚೆ ನಿಂತರು. ಪ್ರಾರ್ಥನೆಯಾಗಿ ಪ್ರತಿಜ್ಞೆ ಶುರುವಾಯಿತು. ಪ್ರತಿಜ್ಞೆಗೆ ಬಲಗೈಯನ್ನು ಮುಂದೆ ಚಾಚಬೇಕು, ಬೆರಳು ನೆಟ್ಟಗಿರಬೇಕು. ಇದೊಂದರಲ್ಲಿ ಊರ ಶಾಲೆಗೂ ಸಂಕೇತನ ಶಾಲೆಗೂ ಭೇದವಿಲ್ಲ. ಗೋಡೆಯ ಆಚೆ ಮಂಗಲಾ ಎಡಗೈಯಲ್ಲಿ ಬುಟ್ಟಿ ಹಿಡಿದು ಬಲಗೈ ಚಾಚಿದಳು, ಮುಷ್ಟಿ ಕಟ್ಟಿ. ಉಳಿದ ಹೆಂಗಸರೂ ಚಾಚಿದರು. ಅವರನ್ನು ನೋಡಿ ಕೇರಿಯ ಮಕ್ಕಳು ಬೆರಳು ಮಡಚಿಕೊಂಡರು. ಮುಖ್ಯೋಪಾಧ್ಯಾಯರು ಬಿಡಿಸಿ ಎಂದರು. ಯಾರೂ ಬಿಡಿಸಲಿಲ್ಲ, ಪ್ರತಿಜ್ಞೆಯ ಒಂದು ಮಾತನ್ನೂ ಬಿಡಲಿಲ್ಲ. ಮೇಷ್ಟ್ರ ಕೈಯಲ್ಲಿ ಸ್ಕೇಲು ಇತ್ತು. ಅವರು ಆ ಕೈಗಳ ಸಾಲನ್ನೊಮ್ಮೆ ನೋಡಿ ನೆಲ ನೋಡಿದರು.

ವಿನುತಾಳನ್ನು ಮುಂದೆ ಕರೆದರು. ಅವಳು ಅಪ್ಪನ ಮುಖ ನೋಡಿದಳು. ಬಾಬು, "ಇದ್ದದ್ದು ಹೇಳು ಮಗಾ" ಅಂದ. ಕಾಶಿ ಅಜ್ಜಿಯ ಕೈ ಮುರಿದದ್ದು ಖರೆ ಎಂದು ಹೇಳಿ ಅವಳು ಸಾಲಿಗೆ ಹಿಂತಿರುಗಿದಳು. ಬಾಬು ತಾನಾಗಿಯೇ ಸ್ಟೇಷನ್ನಿಗೆ ನಡೆದ. ಹೆಂಗಸರು ಅವನ ಹಿಂದೆ ಹೋದರು. ಅವನನ್ನು ಒಳಗೆ ಕೂರಿಸಿದರು, ಇವರನ್ನು ಹೊರಗೆ ನಿಲ್ಲಿಸಿದರು. ಬಿಸಿಲು ಏರಿತು, ಬುಟ್ಟಿಯ ಮೀನು ಮೆತ್ತಗಾಗತೊಡಗಿತು. ಮಂಗಲಾ ಎದುರಿನ ಅಂಗಡಿಯಿಂದ ಉಪ್ಪು ತಂದಳು. ಎಲ್ಲರೂ ಸ್ಟೇಷನ್ನಿನ ಮೆಟ್ಟಿಲ ಮೇಲೆಯೇ ಕೂತು ಮೀನು ಸೀಳಿ ಉಪ್ಪು ಹಚ್ಚಿದರು, ಎಡಗೈಯಲ್ಲಿ.

ಇಂತಿ,
ಇತಿಹಾಸದಲ್ಲಿ ನಪಾಸಾಗಿ ಕತೆ ಹೇಳಲು ಕೂತ ನಿಮ್ಮ ಇಲಾಖೆಯ ಹಳೆಯ ವಿದ್ಯಾರ್ಥಿ,
ಪುಟ್ಟು
ಶೆಟಗೇರಿ, ಅಂಕೋಲಾ ತಾಲೂಕು